ನಿಂಬೆಹಣ್ಣಿಗೆ ಎರಡು ಅಡಿ

ಕಿಟ್ಟಣ್ಣ ತ್ರಿಪ್ಲಿಕೇನಿನ ಒಂದು ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಹುಯ್ದವರು. ಕಾವಲಿಯ ಮುಂದೆ ನಿಂತು ನಿಂತು ಮೊಣಕಾಲು ಸವೆದಿದ್ದವು, ಬೆರಳು ಸವೆದಿರಲಿಲ್ಲ. ಆ ಬೆರಳುಗಳಿಗೆ ಹಿಟ್ಟಿಗಿಂತ ಮೊದಲು ಹಗ್ಗದ ಪರಿಚಯವಾಗಿತ್ತು. ಅವರ ಅಪ್ಪ ಗಂಗೊಳ್ಳಿಯಲ್ಲಿ ಹೆಂಚು ಸಾಗಿಸುವ ಹಾಯಿದೋಣಿಯ ಆಳು. ಮಗನಿಗೆ ಅಕ್ಷರಕ್ಕೂ ಮುಂಚೆ ಗಂಟು ಕಲಿಸಿದ್ದರು. ಎಳೆದಷ್ಟೂ ಬಿಗಿಯಬೇಕು, ಬೇಡವೆಂದಾಗ ಒಂದೇ ಬೆರಳಿಗೆ ಬಿಚ್ಚಿಕೊಳ್ಳಬೇಕು, ಅದು ಗಂಟು. ಇನ್ನೊಂದು ಮಾತನ್ನೂ ಕಲಿಸಿದ್ದರು: ಹೊರಟ ದೋಣಿಯ ಮುಂದೆ ಕೆಟ್ಟ ಮಾತು ಆಡಬಾರದು.

ವಿಮಾ ಕಂಪನಿಯಿಂದ ನಿವೃತ್ತರಾದ ಗಿರಿಧರ್ ಒಂದು ದಿನ ಹೋಟೆಲಿನ ಮೇಜಿನ ಮೇಲೆ ದೋಣಿಯ ಚಿತ್ರಗಳನ್ನು ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದರು. ಮೈಸೂರು ಕಡೆಯವರು, ಪಲ್ಲಾವರಂನಲ್ಲಿ ಸ್ವಂತ ಮನೆ. ಹದಿನಾಲ್ಕು ಅಡಿಯ ಹಳೆಯ ಫೈಬರ್ ಹಾಯಿದೋಣಿಯನ್ನು, ಅದನ್ನು ಹೊರುವ ಎರಡು ಚಕ್ರದ ಟ್ರೇಲರ್ ಸಮೇತ, ಆಸೆಪಟ್ಟು ಕೊಂಡಿದ್ದರು. ಕಟ್ಟುವುದು ಹೇಗೆಂದು ಗೊತ್ತಿರಲಿಲ್ಲ. ಕಿಟ್ಟಣ್ಣ ಅಡುಗೆಮನೆಯಿಂದ ಬಂದು ಬಗ್ಗಿ ನೋಡಿದರು.

"ಹ್ವಾಯ್, ಈ ಹಗ್ಗ ಇಲ್ಲಿಗಲ್ಲ ಮಾರಾಯ್ರೆ. ಹೀಂಗ್ ಕಟ್ಟಿದ್ರೆ ಹಾಯಿ ನಿಮ್ಮನ್ನೇ ಹೊತ್ಕಂಡ್ ಹೋತ್."

"ನೀವು ದೋಸೆ ಮಾಸ್ಟರ್ ಅಲ್ವೇನ್ರೀ?"

"ಹೌದು. ದೋಸೆ ಇಲ್ಲಿಗ್ ಬಂದ್ಮೇಲೆ ಕಲ್ತದ್ದ್."

ಅಂದಿನಿಂದ ಭಾನುವಾರಗಳೆಲ್ಲ ದೋಣಿಯವಾದವು. ಬೆಳಿಗ್ಗೆ ಕಾರಿಗೆ ಟ್ರೇಲರ್ ಕಟ್ಟಿಕೊಂಡು ಚೆಂಗಲ್ಪಟ್ಟಿನ ಆಚೆಯ ಕೆರೆಗೆ ಹೋಗುವುದು. ದಾರಿಯುದ್ದಕ್ಕೂ ಹಾಯಿ ಕಟ್ಟುವ ಇಪ್ಪತ್ತು ಅಡಿಯ ಅಲ್ಯೂಮಿನಿಯಂ ಕೂವೆಮರ ದೋಣಿಯ ಮೇಲೆ ಮಲಗಿರುತ್ತಿತ್ತು. ದಡದಲ್ಲಿ ಅದನ್ನು ಎತ್ತಿ ನಿಲ್ಲಿಸಿ, ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ಉಕ್ಕಿನ ಹಗ್ಗ ಬಿಗಿದು ಆಮೇಲೆ ಹಾಯಿ ಏರಿಸುವುದು. ಹಗ್ಗದ ರಾಟೆ ಕಿತ್ತುಹೋದರೆ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಇನ್ನೊಂದನ್ನು ಹುಡುಕಿ ತರುತ್ತಿದ್ದವರು ಕಿಟ್ಟಣ್ಣನೇ. ಗಿರಿಧರ್ ಹೆಂಡತಿ ಚಂದ್ರಮತಿ ಮೊಸರನ್ನದ ಡಬ್ಬಿ ಕೊಟ್ಟು ಕಳಿಸುತ್ತಿದ್ದರು. "ನೀರಿನ ಮೇಲೆ ಜಗಳ ಆಡ್ಬೇಡಿ ಇಬ್ರೂ. ಮೀನು ಹೆದರ್ಕೊಳ್ಳುತ್ವೆ" ಅನ್ನುತ್ತಿದ್ದರು.

ಹೋದ ವರ್ಷದ ಆಯುಧಪೂಜೆಗೆ ದೋಣಿಯನ್ನು ಮನೆಯಂಗಳದಲ್ಲೇ ಸಿಂಗರಿಸಿದರು. ಮಲಗಿದ ಕೂವೆಮರಕ್ಕೆ ಹೂ ಮುಡಿಸಿದರೆ ಏನು ಚೆಂದ ಎಂದು ಗಿರಿಧರ್ ಅಂದರು. ಕಿಟ್ಟಣ್ಣನೇ ಅದನ್ನು ಎತ್ತಿ ನಿಲ್ಲಿಸಿ, ತುದಿಯವರೆಗೂ ಚೆಂಡುಹೂವಿನ ಮಾಲೆ ಏರಿಸಿದರು. ಬೀದಿಯವರೆಲ್ಲ ಬಂದು ನೋಡಿದರು. ಕುಂಕುಮ ಹಚ್ಚಿ ಆಯಿತು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದೂ ಆಯಿತು. ಇನ್ನು ಟ್ರೇಲರನ್ನು ಗೇಟಿನ ಕಡೆಗೆ ಎರಡು ಅಡಿ ಎಳೆದು ಹಣ್ಣು ಜಜ್ಜಿದರೆ ಪೂಜೆ ಮುಗಿದಂತೆ.

ಚಂದ್ರಮತಿ ಆರತಿ ಎತ್ತಿದಾಗ ಕಿಟ್ಟಣ್ಣ ಕೈಯಲ್ಲಿ ತೆಂಗಿನಕಾಯಿ ಹಿಡಿದು ಮುಂದೆ ನಿಂತಿದ್ದರು. ಕಣ್ಣು ಆರತಿಯಿಂದ ಹೂವಿನ ಮಾಲೆಗೆ, ಮಾಲೆಯಿಂದ ತುದಿಗೆ ಹೋಯಿತು. ಅದರಾಚೆ, ಗೇಟಿನ ಮೇಲೆ, ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹೋಗುವ ಕರೆಂಟಿನ ತಂತಿ ಇತ್ತು. ಎರಡು ಅಡಿಯೋ, ಅದಕ್ಕೂ ಕಡಿಮೆಯೋ. ಬಾಯಿ ತೆರೆದರು. ಮಂಗಳಾರತಿಯ ಹೊತ್ತು, ಹೊರಟ ದೋಣಿ, ತಂತಿ ತಾಗೀತು ಅನ್ನುವ ಮಾತು! ಬಾಯಿ ಮುಚ್ಚಿಕೊಂಡರು. ತಾಗಲಿಕ್ಕಿಲ್ಲ, ದೇವರಿದ್ದಾನೆ ಎಂದುಕೊಂಡರು.

ಗಿರಿಧರ್ ಟ್ರೇಲರಿನ ಕಬ್ಬಿಣದ ಹಿಡಿ ಹಿಡಿದು ಎಳೆದರು. ಸದ್ದು ಸಿಡಿಲಿನಂತೆ ಬಂತು.

ಗಿರಿಧರ್ ಕೀಲ್ಪಾಕ್ ಆಸ್ಪತ್ರೆಯಲ್ಲಿ ನಲವತ್ತು ದಿನ. ವೈದ್ಯರು ಜೀವ ಉಳಿಸಿಕೊಟ್ಟರು, ಬಲಗೈಯ ಎರಡು ಬೆರಳು ಉಳಿಯಲಿಲ್ಲ. ನಲವತ್ತು ದಿನವೂ ಕಿಟ್ಟಣ್ಣ ಬಸ್ಸಿನಲ್ಲಿ ಗಂಜಿ ಒಯ್ದರು. ನೋಡಲು ಬಂದವರಿಗೆಲ್ಲ ಚಂದ್ರಮತಿ ಹೇಳುತ್ತಿದ್ದರು: "ಕಿಟ್ಟಣ್ಣನ ಕೈಲಿ ತೆಂಗಿನಕಾಯಿ ಇತ್ತು ನೋಡಿ. ದೇವರೇ ಇವರನ್ನ ದೂರ ನಿಲ್ಲಿಸಿದ." ಆ ಮಾತು ಕೇಳಿದ ಪ್ರತಿಸಲವೂ ಕಿಟ್ಟಣ್ಣ ಎದ್ದು ಗಂಜಿಯ ಪಾತ್ರೆ ತೊಳೆಯಲು ಹೋಗುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

ದೋಣಿ ಹನ್ನೊಂದು ತಿಂಗಳು ಟಾರ್ಪಾಲಿನ ಕೆಳಗೆ ಮಲಗಿತು. ಈ ವರ್ಷ ನವರಾತ್ರಿ ಹತ್ತಿರ ಬಂದಾಗ ಗಿರಿಧರ್ ಕೇಳಿದರು:

"ಭಾನುವಾರ ಹೋಗೋಣ್ವೇನ್ರೀ? ಮೂರು ಬೆರಳಿಗೆ ಹಗ್ಗ ಹಿಡಿಯೋಕೆ ಬರುತ್ತಾ ನೋಡ್ಬೇಕು."

"ಮೊಣಕಾಲ್ ಆತಿಲ್ಲ ಸಾರ್."

"ಹೋದ ತಿಂಗಳೂ ಮೊಣಕಾಲು. ಅದರ ಹಿಂದಿನ ತಿಂಗಳು ಊರಿಗೆ ಟಿಕೆಟ್. ನಾನು ಕೈಲಾಗದವನಾದೆ ಅಂತ ನೇರವಾಗಿ ಹೇಳ್ಬಿಡಿ, ದೋಣಿ ಮಾರ್ತೀನಿ."

ಕಿಟ್ಟಣ್ಣ ತಲೆ ತಗ್ಗಿಸಿದರು. ಇನ್ನೊಮ್ಮೆ ಆ ಮರ ಎತ್ತಬೇಕಾದರೆ ಒಂದು ಮಾತು ಹೇಳಿಯೇ ಎತ್ತಬೇಕು. ಹೇಳಿದ ಮೇಲೆ ಈ ಮನೆಯ ಬಾಗಿಲು ತನಗೆ ತೆರೆದಿರುತ್ತದೋ ಇಲ್ಲವೋ. ಚಂದ್ರಮತಿ ಕಾಫಿ ತಂದಿಟ್ಟರು. ಕಿಟ್ಟಣ್ಣ ಲೋಟ ಮುಟ್ಟಲಿಲ್ಲ.

"ಅಮ್ಮ, ಆವತ್ತ್ ನಾನ್ ತಂತಿ ಕಂಡಿದ್ದೆ."

ಚಂದ್ರಮತಿ ನಿಧಾನವಾಗಿ ಕೇಳಿದರು: "ಯಾವಾಗ?"

"ನೀವ್ ಆರತಿ ಎತ್ತುವಾಗ. ಹೇಳುಕೆ ಹೊತ್ತಿತ್ತ್. ಅಪಶಕುನ ಅಂದೇಳಿ ಸುಮ್ನಾದೆ."

ಚಂದ್ರಮತಿ ದೇವರ ಕೋಣೆಗೆ ಹೋದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಆಕೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು.

"ಆವತ್ತು ಹೇಳಿದ್ರೆ ನಾನೇ ನಿಮ್ಮನ್ನ ಬೈತಿದ್ದೆ ಕಿಟ್ಟಣ್ಣ. ಪೂಜೆ ಹೊತ್ತಲ್ಲಿ ಎಂಥ ಮಾತು ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಆದ್ರೂ ಹೇಳ್ಬೇಕಿತ್ತು."

"ಹೌದಮ್ಮ. ಹೇಳ್ಬೇಕಿತ್ತ್."

ಗಿರಿಧರ್ ತಮ್ಮ ಮೂರು ಬೆರಳನ್ನು ನೋಡಿಕೊಂಡರು. "ಮರ ಎತ್ತಿ ಅಂದವನು ನಾನೇ ಅಲ್ವೇ" ಅಂದರು, ಅಷ್ಟೇ. ಕ್ಷಮಿಸಿದೆ ಎಂದು ಯಾರೂ ಹೇಳಲಿಲ್ಲ. ಕಿಟ್ಟಣ್ಣ ಹೊರಡಲು ಎದ್ದಾಗ ಚಂದ್ರಮತಿ ಬಾಗಿಲವರೆಗೆ ಬಂದರು.

"ಭಾನುವಾರ ನಾನೂ ಬರ್ತೀನಿ ಕೆರೆಗೆ. ಈ ಸಲದ ಪೂಜೆ ಅಲ್ಲೇ ಆಗ್ಲಿ."

ಆ ವಾರವೆಲ್ಲ ಕಿಟ್ಟಣ್ಣ ಕೂವೆಮರದ ಸುಟ್ಟ ತುದಿಯನ್ನು ಕತ್ತರಿಸಿ ಉಜ್ಜಿದರು. ಕಪ್ಪಾಗಿದ್ದ ಉಕ್ಕಿನ ಹಗ್ಗಗಳನ್ನು ಬಿಸಾಡಿ ಹೊಸದು ಹಾಕಿದರು. ಮರ ಒಂದು ಅಡಿ ಗಿಡ್ಡವಾಯಿತು. ಹಾಯಿಯ ಕೆಳಂಚನ್ನು ಅಷ್ಟೇ ಮಡಚಿ, ಗೋಣಿ ಹೊಲಿಯುವ ಸೂಜಿಯಿಂದ ಹೊಲಿದರು.

ಭಾನುವಾರ ಕೆರೆಯ ದಡದಲ್ಲಿ ಚಂದ್ರಮತಿ ದೋಣಿಗೆ ಕುಂಕುಮ ಹಚ್ಚಿದರು. ಚಕ್ರದಡಿಯ ನಿಂಬೆಹಣ್ಣು ಮರ ಮಲಗಿರುವಾಗಲೇ ಜಜ್ಜಿಹೋಯಿತು. ಆರತಿ ಹಚ್ಚಿ ಆಕೆ ಕಿಟ್ಟಣ್ಣನನ್ನು ನೋಡಿದರು. ಇನ್ನು ಎತ್ತಬೇಕು. ಮೇಲೆ ಬರಿಯ ಆಕಾಶವಿತ್ತು, ಒಂದು ಬೆಳ್ಳಕ್ಕಿ ಹಾದುಹೋಯಿತು. ಆದರೂ ಕಿಟ್ಟಣ್ಣನಿಗೆ ಅಪ್ಪನ ಮಾತು ಅಡ್ಡ ಬಂತು. ಅವರು ಕಣ್ಣು ಮುಚ್ಚಿ, ತೆರೆದು, ದಡವೆಲ್ಲ ಕೇಳುವಂತೆ ಕೂಗಿದರು:

"ಹ್ವಾಯ್, ಮೇಲೆ ಕಾಣಿ ಎಲ್ಲರೂ! ತಂತಿ ಇದ್ರೆ ಸತ್ತ್ ಹೋತ್ರಿ!"

ಆರತಿಯ ತಟ್ಟೆ ಹಿಡಿದೇ ಚಂದ್ರಮತಿ ತಲೆಯೆತ್ತಿದರು. ಕೆರೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. ಅವಸರ ಮಾಡಲಿಲ್ಲ.

"ಏನೂ ಇಲ್ಲ. ಎತ್ತಿ."

ಮರ ಎದ್ದು ನಿಂತಿತು. ಕಿಟ್ಟಣ್ಣ ಹಾಯಿ ಏರಿಸಿ, ಹಗ್ಗದ ತುದಿಗೆ ಅಪ್ಪನ ಗಂಟು ಹಾಕಿದರು. ಹಾಕಿ, ಬಿಚ್ಚಿ, ಕುಣಿಕೆಯನ್ನು ಇನ್ನಷ್ಟು ಅಗಲ ಮಾಡಿ ಮತ್ತೆ ಹಾಕಿದರು. ಆಮೇಲೆ ಗಂಟು ಬಿಚ್ಚುವ ತುದಿಯನ್ನು ಗಿರಿಧರ್ ಅವರ ಬಲಗೈಗೆ ಕೊಟ್ಟರು.

"ಬಿಚ್ಚಿ ಕಾಂಬ ಸಾರ್."

ಗಿರಿಧರ್ ಎಳೆದರು. ಮೂರು ಬೆರಳಿಗೆ ಗಂಟು ಬಿಚ್ಚಿತು.