ರುಚಿಯಕ್ಕನ ಕೆನ್ನೆ

ಸಾಸು, ಉಪ್ಪಿನಕಾಯಿ ಮಾಡುವ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರಿಗೂ ಆಕೆ ರುಚಿಯಕ್ಕ. ಹೆತ್ತವರು ಇಟ್ಟ ಹೆಸರನ್ನು ಆಕೆಯೇ ಮರೆತಿದ್ದಳೋ ಏನೋ. ಕೊಪ್ಪರಿಗೆಯ ಮೊದಲ ಚಮಚ ಆಕೆಯ ನಾಲಿಗೆಗೇ ಹೋಗಬೇಕು. ಆಕೆ ಕಣ್ಣು ಮುಚ್ಚಿ ಹಬೆಯೊಳಗೆ ಎಲ್ಲೋ ತೇಲಿಹೋಗುತ್ತಿದ್ದಳು. ನಿಧಾನಕ್ಕೆ ಕೆನ್ನೆ ಕೆಂಪಾಗುತ್ತಿತ್ತು. ಅದೇ ರುಚಿ ಹದವಾದ ಗುರುತು; ಆಮೇಲೆಯೇ ಬಾಟಲಿಗಳಿಗೆ ಮುಚ್ಚಳ. ಕೆನ್ನೆ ಸಾಕಷ್ಟು ಕೆಂಪಾಗದಿದ್ದರೆ, ಸಾಸು ಕುದಿಸುವ ಅಣ್ಣ ಇನ್ನಷ್ಟು ವಿನಿಗರ್ ಸುರಿಯುತ್ತಿದ್ದ. ಆ ಮಹಾನುಭಾವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ ನೋಡಿ!

ಆಕೆಗೂ ಅದು ಸುಖವೆಂದೇ ತೋರಿತ್ತು. ತಲೆ ಹಗುರ, ಎದೆ ಡವಡವ. ಮೂಗು ಸೋರಿದ್ದನ್ನೂ ಮೈಮೇಲೆ ದದ್ದು ಎದ್ದಿದ್ದನ್ನೂ ಖಾರದ ತಲೆಗೆ ಕಟ್ಟಿದ್ದಳು. ಒಂದು ದಿನ ಎದೆಬಡಿತ ನಿಲ್ಲದೆ ಗೋಡೆ ಹಿಡಿದು ಕುಸಿದಾಗ ಗಂಡ ಡಾಕ್ಟರಮ್ಮನ ಹತ್ತಿರ ಕರೆದೊಯ್ದ.

"ಹುಳಿ ಬಂದ ತಿಂಡಿಗಳಲ್ಲಿ ಹಿಸ್ಟಮಿನ್ ಅನ್ನೋ ಅಂಶ ಇರುತ್ತೆ, ನಿಮ್ಮ ಮೈಗೆ ಅದನ್ನ ಕರಗಿಸೋಕೆ ಆಗ್ತಿಲ್ಲ ಅನ್ಸುತ್ತೆ. ಈ ದದ್ದು, ಎದೆಬಡಿತ, ಕೆನ್ನೆ ಕೆಂಪು ಎಲ್ಲಾ ಅದಕ್ಕೇ. ಉಪ್ಪಿನಕಾಯಿ, ವಿನಿಗರ್, ಟೊಮೆಟೊ ಸಾಸು, ಎಲ್ಲಾ ಬಿಡಿ."

"ಬಿಟ್ರೆ ನನ್ನ ಹತ್ರ ಏನುಳಿಯುತ್ತೆ ಡಾಕ್ಟ್ರೇ?"

ಗಂಡ ಆಗಷ್ಟೇ ಬೇಯಿಸಿದ ಅನ್ನ, ಕ್ಯಾರೆಟ್ ಬಡಿಸತೊಡಗಿದ. ದದ್ದು ಇಳಿಯಿತು, ಮೂಗು ಒಣಗಿತು. ಆದರೆ ಮಧ್ಯಾಹ್ನದ ಅರೆನಿದ್ದೆಯಲ್ಲಿ ಸಾಸಿವೆಯ ಹಳದಿ ಹೊಳೆಯೊಂದು ಮಂಚದ ಪಕ್ಕದಲ್ಲೇ ಹರಿಯುತ್ತಿತ್ತು. ಕೈ ಚಾಚುವಷ್ಟರಲ್ಲಿ ಎಚ್ಚರವಾಗುತ್ತಿತ್ತು.

ಮತ್ತೆ ಕೆಲಸಕ್ಕೆ ಹೋದ ದಿನ ಅಣ್ಣ ಚಮಚ ನೀಡಿದ. ಎಲ್ಲರ ಕೈಯೂ ಮುಚ್ಚಳದ ಮೇಲಿತ್ತು. ಇಷ್ಟೇ ಇಷ್ಟು ತಿಂದರೆ ಯಾರಿಗೆ ಗೊತ್ತಾಗಬೇಕು? ಇಲ್ಲವೆಂದರೆ ನಾಳೆ ಇಲ್ಲಿ ತನಗೇನು ಕೆಲಸ? ಆಕೆ ಬಾಯಿ ತೆರೆದವಳು ಮುಚ್ಚಿಕೊಂಡಳು.

"ನಾನಿನ್ನು ತಿನ್ನೋ ಹಾಗಿಲ್ಲಣ್ಣ. ಕೆನ್ನೆ ಕೆಂಪಾಗ್ತಿದ್ದಿದ್ದು ರುಚಿಗಲ್ಲ, ಕಾಯಿಲೆಗೆ."

ಅಣ್ಣನ ಸೌಟು ಕೊಪ್ಪರಿಗೆಯೊಳಗೆ ಜಾರಿತು. "ಅಂದ್ರೆ, ನಿಂಗೆ ಸಂಕಟ ಆಗೋವರೆಗೂ ನಾನು ವಿನಿಗರ್ ಸುರೀತಿದ್ನಾ?"

ಆತ ಚಮಚವನ್ನು ತನ್ನ ಬಾಯಿಗೇ ಇಟ್ಟುಕೊಂಡ. ಮುಖ ಕಿವುಚಿದ.

"ಅಯ್ಯಯ್ಯೋ, ಎಷ್ಟು ಹುಳಿ!"

"ಎಲ್ಲಿ ನಿಲ್ತು? ನಾಲಿಗೆ ತುದೀಲೋ, ಗಂಟಲಲ್ಲೋ?"

"ಗಂಟಲಲ್ಲಿ."

"ಆಮೇಲೆ?" ಆಕೆ ಕಣ್ಣು ಮುಚ್ಚಿದಳು. "ಬಿಡಿಸಿ ಹೇಳಣ್ಣ. ಆಮೇಲೇನಾಯ್ತು?"

ಆತ ತಡವರಿಸುತ್ತಾ ಹೇಳುತ್ತಲೇ ಹೋದ. ಆಕೆಯ ಬಾಯಲ್ಲಿ ನೀರೂರಿತು. ಅಷ್ಟನ್ನೇ ನುಂಗಿಕೊಂಡಳು.