ಮ್ಯಾಂಚೆಸ್ಟರಿನ ಚೀನೀಯರು ಹಂದಿ ಕಾಲು ಹಾಕುವುದಿಲ್ಲ

ನನ್ನ ಸಣ್ಣ ಮಗಳ ಬಾಣಂತನ ಮಾಡಿದ್ದು ನಾನು. ಪಕ್ಕದ ಮನೆಯ ಚೀನೀ ಅಜ್ಜಿಯಲ್ಲ. ಅಮೆರಿಕದಲ್ಲಿ ಕುಳಿತು ಫೋನಿನಲ್ಲಿ ಮಾತಾಡಿದ ಬೀಗಿತ್ತಿಯಂತೂ ಅಲ್ಲವೇ ಅಲ್ಲ. ಸಂಬಂಧಿಕರ ಬಾಯಲ್ಲಿ ಈಗ ಎರಡು ಕಥೆಗಳಿವೆ. ಮಗಳು ಚೀನಾದ ಔಷಧಿಯಿಂದ ಎದ್ದು ಕೂತಳು ಎಂಬುದು ಒಂದು, ಹೆತ್ತ ತಾಯಿಯೇ ಬಾಣಂತಿಗೆ ಹಂದಿ ತಿನ್ನಿಸಿದಳು ಎಂಬುದು ಇನ್ನೊಂದು. ಎರಡೂ ಸುಳ್ಳು. ಹಂದಿ ತಿಂದದ್ದು ನರಿ.

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಇರುವುದು ಬರ್ಮಿಂಗ್‌ಹ್ಯಾಮಿನಲ್ಲಿ, ಮಗನ ಹತ್ತಿರ. ಅವನದು ಅಲ್ಲಿ ಒಂದು ಸಣ್ಣ ಹೋಟೆಲು. ಸಣ್ಣ ಮಗಳು ಮ್ಯಾಂಚೆಸ್ಟರಿನ ಸೇಲ್ ಎಂಬ ಬಡಾವಣೆಯಲ್ಲಿದ್ದಾಳೆ, ಜಿಪಿ ಡಾಕ್ಟ್ರು. ಅಳಿಯ ಮೀಡಿಯಾಸಿಟಿಗೆ ಟ್ರಾಮಿನಲ್ಲಿ ಹೋಗಿ ಬರುತ್ತಾನೆ. ಅಲ್ಲಿ ಏನು ಮಾಡುತ್ತಾನೆಂದು ಅವನು ಹೇಳಿದ್ದಾನೆ, ನನಗೆ ಅರ್ಥವಾಗಿಲ್ಲ. ಮಗಳಿಗೆ ಹೆರಿಗೆಯಾಯಿತು ಎಂದ ಕೂಡಲೇ ಒಣಶುಂಠಿ, ಕಾಳುಮೆಣಸು, ಜೀರಿಗೆ, ಕಪ್ಪುಬೆಲ್ಲ ಎಲ್ಲ ಕಟ್ಟಿಕೊಂಡು ರೈಲು ಹತ್ತಿದೆ.

ಮೊದಲ ದಿನವೇ ಕಷಾಯ ಕಾಯಿಸಿ ಮೇಲೆ ಕೊಂಡುಹೋದೆ. ಮಗಳು ಲೋಟದೊಳಗೆ ಇಣುಕಿದಳು, ಅಷ್ಟೇ.

"ಅಮ್ಮಾ, ಪ್ಲೀಸ್. ಇದಕ್ಕೆಲ್ಲ ಎವಿಡೆನ್ಸ್ ಇಲ್ಲ."

"ಎವಿಡೆನ್ಸ್ ನೀನೇ. ನಿನ್ನನ್ನು ಹೆತ್ತಾಗ ನಾನು ಕುಡಿದದ್ದು ಇದನ್ನೇ."

"ಅದು ಎವಿಡೆನ್ಸ್ ಅಲ್ಲ, ಅನೆಕ್ಡೋಟ್."

ಹಾಗೆಂದರೆ ಎಂತ ಎಂದು ಅಳಿಯನನ್ನು ಕೇಳಿದೆ. "ಕಥೆ, ಅತ್ತೆ" ಎಂದ. ಅವಳನ್ನು ಹೆತ್ತದ್ದು ಕಥೆಯಂತೆ!

ಕಷಾಯ ಬೇಡ, ಬೆಳ್ಳುಳ್ಳಿ ಸಾರು ಬೇಡ, ತಲೆಗೆ ಬಟ್ಟೆ ಕಟ್ಟುವುದು ಬೇಡ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಹಾಲಿಗೆ ಒಣ ಚಕ್ಕೆಗಳನ್ನು ಸುರಿದು ತಿನ್ನುತ್ತಿದ್ದಳು, ಅದೂ ಅರ್ಧ. ಮುಖ ಬಿಳುಚಿಕೊಂಡಿತ್ತು. ಹಾಲು ಸಾಲದೆ ಮಗು ಅಳುತ್ತಿತ್ತು.

ಇದೆಲ್ಲವೂ ಫೋನಿನಲ್ಲಿ ಬೀಗಿತ್ತಿಗೆ ಕಾಣುತ್ತಿತ್ತು. ಬೀಗಿತ್ತಿ ಎಂದರೆ ಅಳಿಯನ ತಾಯಿ. ಅವರ ದೊಡ್ಡ ಮಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಮಗಳು ಹೂಸ್ಟನ್ನಿನಲ್ಲಿ. ಇವರು ಮಗನಲ್ಲಿ ಆರು ತಿಂಗಳು, ಮಗಳಲ್ಲಿ ಆರು ತಿಂಗಳು. ಎರಡರ ನಡುವೆ ನ್ಯೂಯಾರ್ಕಿನಲ್ಲಿ ಇಳಿದು ತಮ್ಮನ ಮನೆಯಲ್ಲೂ ಒಂದಿಷ್ಟು ಉಪದೇಶ ಮಾಡಿ ಹೋಗುತ್ತಾರೆ. ಅಮೆರಿಕಕ್ಕೆ ಹೋದ ಮೇಲೆ ಮೀನು ಕೂಡ ಬಿಟ್ಟಿದ್ದಾರೆ, ಮಾತು ಬಿಟ್ಟಿಲ್ಲ.

"ಇಲ್ಲಿ ಚೀನೀಯರನ್ನು ನೋಡಬೇಕು ನೀವು" ಎಂದರು. "ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬಾಣಂತಿಗೆ ತಿಂಗಳಿಡೀ ಊಟ ಬುಟ್ಟಿಯಲ್ಲಿ ಮನೆಗೇ ಬರ್ತದೆ. ಬಿಳಿಯರೂ ತರಿಸ್ತಾರೆ. ಅಲ್ಲಿಯವರು ಹಳಬರು, ಮುತ್ತಜ್ಜನ ಕಾಲದಿಂದ ಇದ್ದವರು. ಅಜ್ಜಿಯಂದಿರು ಬೆಳಿಗ್ಗೆ ಪಾರ್ಕಿನಲ್ಲಿ ವ್ಯಾಯಾಮ ಅಂತ ಮೆಲ್ಲ ಕೈ ಬೀಸ್ತಾರೆ, ಹತ್ತು ಗಂಟೆಗೆ ತರಕಾರಿ ಅಂಗಡಿಯಲ್ಲಿ ನಮ್ಮನ್ನು ದೂಡ್ತಾರೆ. ಹೂಸ್ಟನ್ನಿನವರು ಹೊಸಬರು, ಅಲ್ಲಿ ಬೀದಿ ಅಂತಲೇ ಇಲ್ಲ. ಪಾರ್ಕಿಂಗ್ ಜಾಗದ ಸುತ್ತ ಅಂಗಡಿ. ನೂಡಲ್ಸ್ ತಿನ್ನಲಿಕ್ಕೂ ಕಾರು, ದೇವಸ್ಥಾನಕ್ಕೂ ಕಾರು. ನ್ಯೂಯಾರ್ಕಿನವರ ಗಲಾಟೆ ಕೇಳಲೇಬೇಡಿ, ಏಡಿ ಅಂಗಡಿ ಬಿಟ್ಟು ಫುಟ್‌ಪಾತಿನಲ್ಲಿ ಓಡ್ತಾ ಇರ್ತದೆ. ಆದ್ರೆ ಬಾಣಂತಿ ವಿಷಯದಲ್ಲಿ ಎಲ್ಲರದೂ ಒಂದೇ ಶಿಸ್ತು. ನಿಮ್ಮಲ್ಲಿ ಎಂತ ಉಂಟು?"

"ನಮ್ಮಲ್ಲೂ ಚೀನೀಯರಿದ್ದಾರೆ" ಎಂದೆ. ಬಿಟ್ಟುಕೊಡಲಿಕ್ಕಾಗುತ್ತದೆಯೇ?

ಸುಳ್ಳೇನಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಮಗನ ಹೋಟೆಲಿನ ಎದುರು ಒಬ್ಬ ಚೀನೀ ಮುದುಕನಿದ್ದಾನೆ. ಹರೆಯದಿಂದಲೇ ಮೀನು, ಆಲೂಗಡ್ಡೆ ಕರಿದು ಕಾಗದದಲ್ಲಿ ಕಟ್ಟಿ ಮಾರುತ್ತಾ ಬಂದವನು. ಅವನ ಇಂಗ್ಲಿಷು ಆ ಊರಿನ ಬಸ್ ಡ್ರೈವರುಗಳ ಇಂಗ್ಲಿಷಿನ ಹಾಗೆಯೇ ಮೂಗಿನಲ್ಲಿ ಬರುತ್ತದೆ. ಅವನ ಮಕ್ಕಳೆಲ್ಲ ಅಕೌಂಟೆಂಟರು, ಅಂಗಡಿ ಯಾರಿಗೂ ಬೇಡ. ಲೀಡ್ಸಿನಲ್ಲಿ ತಂಗಿಯ ಮಗಳ ಬೀದಿಯ ತುಂಬ ಚೀನೀ ವಿದ್ಯಾರ್ಥಿಗಳು. ಒಳ್ಳೊಳ್ಳೆ ಕೋಟು ಹಾಕಿಕೊಂಡು, ದಪ್ಪ ನಳಿಗೆಯಲ್ಲಿ ಗೋಲಿಯಂಥದ್ದೇನೋ ಮುಳುಗಿದ ತಣ್ಣನೆ ಚಹಾ ಹೀರುತ್ತಾರೆ. ಓದು ಮುಗಿದ ಕೂಡಲೇ ಹೊರಟುಹೋಗುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಪೇಟೆ ನಡುವೆ ಬಣ್ಣದ ದೊಡ್ಡ ಚೀನೀ ಕಮಾನು ಕಟ್ಟಿದ್ದಾರೆ. ಆದರೆ ಅದರ ಕೆಳಗೆ ಚೀನೀಯರಿಗಿಂತ ಫೋಟೊ ತೆಗೆಯುವವರೇ ಹೆಚ್ಚು. ಈಚೆಗೆ ಹಾಂಗ್‌ಕಾಂಗಿನಿಂದ ಬಂದವರೆಲ್ಲ ಮಗಳ ಬೀದಿಯಂಥ ಕಡೆ, ಒಳ್ಳೆಯ ಶಾಲೆ ನೋಡಿ ಮನೆ ಹಿಡಿದಿದ್ದಾರೆ. ಸಂಜೆಯಾದರೆ ಮನೆ ಮನೆಯಲ್ಲಿ ಪಿಯಾನೊ. ನಮ್ಮವರೂ ಹೀಗೆಯೇ ಅಲ್ಲವೇ. ಮೊದಲು ಬಂದ ಡಾಕ್ಟರುಗಳು ಒಂದು ಜಾತಿ, ಬರ್ಚ್‌ವುಡ್ಡಿನ, ಡರ್ಬಿಯ ಕಂಪನಿಗಳಿಗೆ ಕಂಟ್ರಾಕ್ಟಿನ ಮೇಲೆ ಬಂದ ಎಂಜಿನಿಯರುಗಳು ಇನ್ನೊಂದು ಜಾತಿ. ಹಬ್ಬದ ದಿನ ಹಾಲ್ ಬಾಡಿಗೆಗೆ ಹಿಡಿದು ಒಟ್ಟಿಗೆ ಕೂರುತ್ತಾರೆ, ಆಮೇಲೆ ಕಾರಿನಲ್ಲಿ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಾರೆ.

ನಮ್ಮೂರುಗಳ ಚೀನೀಯರನ್ನೆಲ್ಲ ನಾನು ಎಣಿಸಿ ಮುಗಿಸಿದ ಮೇಲೆ ಬೀಗಿತ್ತಿ ಹೇಳಬೇಕಾದದ್ದನ್ನು ಹೇಳಿದರು. "ನಿಮ್ಮಿಂದ ಆಗದಿದ್ದರೆ ಹೇಳಿ, ಸಂಕೋಚ ಬೇಡ. ನಾನು ಟಿಕೆಟ್ ಮಾಡ್ತೇನೆ."

ಮಗಳ ಮನೆಯಲ್ಲಿ ಇರುವುದು ಒಂದೇ ಸ್ಪೇರ್ ರೂಮು. ಅವರು ಬಂದರೆ ನಾನು ಬರ್ಮಿಂಗ್‌ಹ್ಯಾಮಿಗೆ. ನನ್ನ ಮೂವರು ಮಕ್ಕಳಲ್ಲಿ ಕೊನೆಯವಳ ಬಾಣಂತನವನ್ನು, ನಾನು ಗಟ್ಟಿಯಾಗಿ ಬದುಕಿರುವಾಗಲೇ, ಬೀಗಿತ್ತಿಯ ಕೈಗೆ ಒಪ್ಪಿಸಿ ಬರುವುದೇ? ಅದಕ್ಕಿಂತ ನಾನು ಲೀಡ್ಸಿನ ಮಕ್ಕಳ ಆ ತಣ್ಣನೆ ಚಹಾ ಹೀರಿಯೇನು.

ಮರುದಿನ ಪಕ್ಕದ ಮನೆಯ ಚೀನೀ ಅಜ್ಜಿ ಬೇಲಿಯ ಮೇಲಿಂದ ಒಂದು ಅಗಲ ಬಾಯಿಯ ಫ್ಲಾಸ್ಕು ಚಾಚಿದಳು. ತನ್ನ ಮಗನ ಹಿಂದೆ ಹಾಂಗ್‌ಕಾಂಗಿನಿಂದ ಬಂದವಳು, ನನ್ನದೇ ಪ್ರಾಯ. ಅವಳಿಗೆ ಬರುವ ಇಂಗ್ಲಿಷು ನನಗಿಂತ ನಾಲ್ಕು ಶಬ್ದ ಕಡಿಮೆ. "ಬೇಬಿ ಮಮ್ಮಿ" ಎಂದಳು. ಎದೆ ಮುಟ್ಟಿಕೊಂಡು "ಮಿಲ್ಕ್, ಗುಡ್" ಎಂದಳು.

ಒಳಗೆ ಬಂದು ಮುಚ್ಚಳ ತೆಗೆದೆ. ಕಪ್ಪಗಿನ ರಸ, ಗಮ್ಮೆನ್ನುವ ಶುಂಠಿ, ಹುಳಿ ವಿನೆಗರ್, ಇಡಿಯ ಮೊಟ್ಟೆಗಳು. ಸೌಟು ಹಾಕಿ ತಿರುಗಿಸಿದರೆ ಅಡಿಯಿಂದ ಒಂದು ಗೊರಸು ಮೇಲೆ ಬಂತು. ಹಂದಿಯದ್ದು. ನಮ್ಮ ಮನೆಯಲ್ಲಿ ಮೀನು, ಕೋಳಿ ನಡೆಯುತ್ತದೆ. ಹಂದಿ ಯಾವ ಕಾಲಕ್ಕೂ ಹೊಸ್ತಿಲು ದಾಟಿದ್ದಿಲ್ಲ.

ಅಷ್ಟರಲ್ಲಿ ಮೇಲಿನಿಂದ ಮಗಳ ಸ್ವರ: "ಯಾರಮ್ಮ?"

"ಚೀನೀ ಅಜ್ಜಿ. ನಿನಗೆ ಕುಡಿಯಲಿಕ್ಕೆ ಎಂತದೋ ತಂದಿದ್ದಾಳೆ."

"ಓ, ಸೋ ಸ್ವೀಟ್! ಕೊಡು, ಕುಡೀತೀನಿ. ಇಲ್ಲಾಂದ್ರೆ ಪಾಪ ಬೇಜಾರಾಗ್ತಾರೆ."

ಕೇಳಿದಿರಲ್ಲ. ತಾಯಿಗೆ ಬೇಜಾರಾದರೆ ಅದು ಅನೆಕ್ಡೋಟ್. ನೆರೆಯವಳಿಗೆ ಬೇಜಾರಾಗಬಾರದು.

ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಚೀನೀ ರಸವನ್ನು ಪಾತ್ರೆಗೆ ಸುರಿದು ಫ್ಲಾಸ್ಕು ತೊಳೆದೆ. ಅದರೊಳಗೆ ನನ್ನ ಕಷಾಯ ತುಂಬಿದೆ. ಸಣ್ಣವಳಿದ್ದಾಗ ಶೀತವಾದರೆ ಇದನ್ನೇ ಮೂಗು ಹಿಡಿದು ಕುಡಿಸುತ್ತಿದ್ದೆ. ಗುರುತು ಸಿಗದಿರಲಿ ಎಂದು ಒಂದು ಚಮಚ ವಿನೆಗರ್ ಹಾಕಿದೆ. ಮಗಳು ಗಟಗಟ ಕುಡಿದಳು.

"ಚೆನ್ನಾಗಿದೆ ಅಮ್ಮ. ಜೀರಿಗೆ ಇದ್ದ ಹಾಗಿದೆಯಲ್ಲ?"

"ಚೀನಾದಲ್ಲಿ ಜೀರಿಗೆ ಸಿಗುವುದಿಲ್ಲವಾ?"

ಒಂದು ದಿನಕ್ಕೆ ಮುಗಿಯಬೇಕಾದ ಕೆಲಸ. ಮುಗಿಯಲಿಲ್ಲ. ಖಾಲಿ ಪಾತ್ರೆ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಫ್ಲಾಸ್ಕಿಗೆ ಕಡಲೆಬೇಳೆ ಪಾಯಸ ತುಂಬಿ ಬೇಲಿ ದಾಟಿಸಿದೆ. ಖಾಲಿ ಪಾತ್ರೆ ಇಟ್ಟುಕೊಳ್ಳುವ ಪದ್ಧತಿ ಅವಳಲ್ಲೂ ಇಲ್ಲವೆಂದು ಕಾಣುತ್ತದೆ. ಬೆಳಗಾದರೆ ಮತ್ತೆ ಗೊರಸು. ನಾನು ಸಾರು ಕಳಿಸಿದೆ, ಅವಳು ಗೊರಸು. ನಾನು ಕೋಳಿ ಗಸಿ ಕಳಿಸಿದೆ, ಅವಳು ಸಂತೋಷಪಟ್ಟು ಎರಡು ಗೊರಸು. ನಿಲ್ಲಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳಲು ಭಾಷೆ ಇರಲಿಲ್ಲ.

ಮೊಟ್ಟೆ, ಶುಂಠಿ ನಾನು ತಿಂದೆ. ಮೊಟ್ಟೆಗೆ ಯಾವ ದೋಷವೂ ಇಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮಂಡಿ ನೋವು ಕಡಿಮೆಯಾಯಿತು. ಗೊರಸನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ಅನ್ನ ಅನ್ನವೇ. ಹಿತ್ತಿಲಿನ ಶೆಡ್ಡಿನ ಹಿಂದೆ ಒಂದು ನರಿ ಬರುತ್ತಿತ್ತು. ಅದಕ್ಕೆ ಹಾಕಿದೆ. ಊರಿನಲ್ಲಾದರೆ ನರಿ ಮನುಷ್ಯರನ್ನು ಕಂಡು ಓಡುತ್ತದೆ. ಇಲ್ಲಿಯ ನರಿ ಬೆಳಿಗ್ಗೆ ಬಂದು, ಇನ್ನೂ ತಯಾರಾಗಿಲ್ಲವೇ ಎಂಬಂತೆ ಅಡುಗೆಮನೆ ಬಾಗಿಲು ನೋಡುತ್ತಿತ್ತು.

ಮಗಳು ಮಾತ್ರ ಚೇತರಿಸಿಕೊಂಡಳು. ಹಸಿವು ಬಂತು. ಕಷಾಯದ ಹಿಂದೆ ಬೆಳ್ಳುಳ್ಳಿ ಸಾರು ಅನ್ನವೂ ಹೊಟ್ಟೆಗೆ ಇಳಿಯಿತು. ಮಗು ಹಾಲು ಕುಡಿದು ನಿದ್ದೆ ಮಾಡತೊಡಗಿತು.

ಹಾಗಿರುವಾಗ ಒಂದು ಭಾನುವಾರ ಸಂಜೆ, ಇನ್ನೂ ಬೆಳಕಿತ್ತು, ಬೀಗಿತ್ತಿಯ ಫೋನು ಬಂತು. ಅಳಿಯ ಫೋನನ್ನು ಹಣ್ಣಿನ ಬುಟ್ಟಿಗೆ ಒರಗಿಸಿಟ್ಟ. ಹಿತ್ತಿಲಿನ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಾವೆಲ್ಲ ಕೂತೆವು. ಮಗಳು ಹಿಗ್ಗಿನಿಂದ ಹೇಳಿದಳು: "ಅತ್ತೆ, ನೆಕ್ಸ್ಟ್ ಡೋರ್ ಚೈನೀಸ್ ಅಜ್ಜಿ ದಿನಾ ಒಂದು ಜಿಂಜರ್ ಡ್ರಿಂಕ್ ಕೊಡ್ತಾರೆ. ಅಮೇಝಿಂಗ್!"

ಬೀಗಿತ್ತಿಯ ಕಣ್ಣು ದೊಡ್ಡದಾಯಿತು. "ಕಪ್ಪಗಿರ್ತದಾ? ಹುಳಿ?"

"ಹೌದು."

"ಅಯ್ಯೋ ದೇವರೇ! ಅದರಲ್ಲಿ ಹಂದಿ ಕಾಲು ಹಾಕ್ತಾರೆ ಮಾರಾಯ್ತಿ!"

ಮಗಳ ಮುಖ ನೋಡುವ ಹಾಗಿರಲಿಲ್ಲ. ನಾನು ನಡುವೆ ಬಾಯಿ ಹಾಕಿದೆ.

"ಅದು ನಿಮ್ಮ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ. ಇಲ್ಲಿಯವರು ಹಾಗಲ್ಲ."

"ಹೂಸ್ಟನ್ನಿನಲ್ಲೂ ಹಾಕ್ತಾರೆ. ನ್ಯೂಯಾರ್ಕಿನಲ್ಲೂ ಹಾಕ್ತಾರೆ."

"ಅಮೆರಿಕದ ಮಾತು ಬಿಡಿ, ಅಲ್ಲಿ ಎಲ್ಲದಕ್ಕೂ ಎಂತಾದ್ರೂ ಹಾಕ್ತಾರೆ. ಮ್ಯಾಂಚೆಸ್ಟರಿನ ಚೀನೀಯರು ಹಂದಿ ಕಾಲು ಹಾಕುವುದಿಲ್ಲ."

"ಬರ್ಮಿಂಗ್‌ಹ್ಯಾಮಿನವರು?"

"ಅವರು ಹಾಕಬಹುದು."

"ಲೀಡ್ಸಿನವರು?"

"ಅವರು ಓದುವ ಮಕ್ಕಳು. ಅವರಿಗೆಲ್ಲಿಯ ಬಾಣಂತನ?"

ಗೆದ್ದೆ ಎಂದುಕೊಂಡೆ. ಆದರೆ ಬೀಗಿತ್ತಿ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲಿನಾಚೆ ನೋಡುತ್ತಿದ್ದರು.

"ನಿಮ್ಮಲ್ಲಿ ಕೆಂಪು ನಾಯಿ ಉಂಟಾ?" ಎಂದರು. "ಬಾಯಲ್ಲಿ ಎಂತದೋ ಕಚ್ಚಿಕೊಂಡಿದೆ."

ನಾವು ತಿರುಗಿದೆವು. ನರಿ ಹುಲ್ಲಿನ ನಡುವೆ, ಗಾಜಿಗೆ ಮುಖ ಮಾಡಿ, ಗೊರಸು ಕಚ್ಚಿಕೊಂಡು ನಿಂತಿತ್ತು.

"ಅದು ಎಲ್ಲಿಂದ ಬಂತು?" ಎಂದಳು ಮಗಳು. ಅಮ್ಮ ಎನ್ನಲಿಲ್ಲ.

ನರಿ ಪಕ್ಕದ ಮನೆಯಿಂದ ಕದ್ದು ತಂದಿರಬೇಕು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆಮೇಲೆ ಅವಳು ಜೀವನವಿಡೀ ಹಂದಿ ಕುಡಿದೆ ಎಂದುಕೊಂಡಿರುತ್ತಾಳೆ. ಬೀಗಿತ್ತಿ ಅದನ್ನು ಖಂಡಾಂತರ ಹಬ್ಬಿಸುತ್ತಾರೆ.

"ನಾನು ಹಾಕಿದ್ದು" ಎಂದೆ. "ಚೀನೀ ಅಜ್ಜಿಯ ಫ್ಲಾಸ್ಕಿನಲ್ಲಿ ಬಂದದ್ದು ನರಿಗೆ, ಮೊಟ್ಟೆ ನನಗೆ. ನೀನು ಕುಡಿದದ್ದು ನನ್ನ ಕಷಾಯ."

"ದಿನಾ?"

"ದಿನಾ."

"ಆ ವಿನೆಗರ್?"

"ನಮ್ಮ ಕಪಾಟಿನದ್ದೇ."

"ಯೂ ಲೈಡ್ ಟು ಮಿ!" ಎಂದಳು. ಸಿಟ್ಟು ನೆತ್ತಿಗೇರಿದರೆ ಮಗಳಿಗೆ ಕನ್ನಡ ಹೋಗುತ್ತದೆ. ಮಗುವನ್ನೆತ್ತಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿದಳು. ಅಳಿಯ ಬುಟ್ಟಿಯಿಂದ ಬಾಳೆಹಣ್ಣು ತೆಗೆದು ತಿನ್ನತೊಡಗಿದ. ಕಷ್ಟಕಾಲದಲ್ಲಿ ಆ ಹುಡುಗನಿಂದ ಆಗುವುದು ಅಷ್ಟೇ. ಬೀಗಿತ್ತಿ ಮಾತ್ರ ಉಸಿರು ಬಿಟ್ಟು, "ಅಂತೂ ಹಂದಿ ಹೊಟ್ಟೆಗೆ ಹೋಗಲಿಲ್ಲ. ಆದ್ರೂ ನಾನು ಬರುವುದೇ ಒಳ್ಳೆಯದು. ಈಗಲೇ ಟಿಕೆಟ್ ನೋಡ್ತೇನೆ" ಎಂದರು.

ನಾನು ಸ್ಪೇರ್ ರೂಮಿಗೆ ಹೋಗಿ ಸೀರೆಗಳನ್ನು ಮಡಚಿ ಬ್ಯಾಗಿಗೆ ಹಾಕಿದೆ. ಅಳಲಿಲ್ಲ. ಅಳುವಂಥದ್ದು ನಾನೇನೂ ಮಾಡಿರಲಿಲ್ಲ.

ಊಟದ ಹೊತ್ತಿಗೆ ಮಗಳು ಬಾಗಿಲಲ್ಲಿ ಬಂದು ನಿಂತಳು. ಬ್ಯಾಗು ನೋಡಿದಳು.

"ಅತ್ತೆಗೆ ಫೋನ್ ಮಾಡಿದೆ. ಬರೋದು ಬೇಡ ಅಂದೆ."

"ಯಾಕೆ?"

"ಸುಳ್ಳು ಹೇಳೋ ಅಜ್ಜಿ ಒಬ್ಬರು ಸಾಕು ಈ ಮನೆಗೆ. ನಾಳೆಯಿಂದ ಕೊಡೋದಾದ್ರೆ ನಿನ್ನ ಲೋಟದಲ್ಲೇ ಕೊಡು, ಹೇಳಿ ಕೊಡು. ಚೀನೀ ಅಜ್ಜಿಗೂ ಇನ್ನು ಸಾಕು ಅಂತ ನಾನೇ ಹೇಳ್ತೀನಿ." ಎರಡು ಮೆಟ್ಟಿಲು ಇಳಿದವಳು ತಿರುಗಿದಳು. "ಮೆಣಸು ಕಮ್ಮಿ ಹಾಕಮ್ಮ. ಗಂಟಲು ಉರಿಯುತ್ತೆ."

"ಆಯ್ತು" ಎಂದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಒಲೆ ಹಚ್ಚಿದೆ. ವಿನೆಗರ್ ಹಾಕಲಿಲ್ಲ. ಮೆಣಸು ಇನ್ನೊಂದು ಹಿಡಿ ಹೆಚ್ಚೇ ಹಾಕಿದೆ.