ಒಂದು ಸಲ ಒತ್ತಿದರೆ ಮೂವತ್ತು ಹೆಬ್ಬೆಟ್ಟು

2007ರಲ್ಲಿ ನಾನು ನಾಸಿಕದ ಒಂದು ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ಕಸಗುಡಿಸುವ ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಸಿಮೆಂಟ್ ಕಲಸಿದವಳು. ಓದು ಬರಹ ಅಷ್ಟಕ್ಕಷ್ಟೆ. ಆ ವರ್ಷ ಕಚೇರಿಯಲ್ಲಿ ನನಗೆ ಇನ್ನೊಂದು ಕೆಲಸ ಸಿಕ್ಕಿತು: ಹೆಬ್ಬೆಟ್ಟು ಒತ್ತುವುದು.

ಅಲ್ಲಿ ಕಾರ್ಖಾನೆಗಳ ಗೇಟಿಗೆ ಹಾಜರಿ ಯಂತ್ರ ಮಾಡುತ್ತಿದ್ದರು. ಗಾಜಿನ ಮೇಲೆ ಬೆರಳಿಟ್ಟರೆ ಗೆರೆ ಗುರುತಿಸಿ ಗೇಟು ತೆರೆಯಬೇಕು. ಈಗ ಸಂಭಾಜಿನಗರ ಅನ್ನುತ್ತಾರಲ್ಲ, ಆಗಿನ ಔರಂಗಾಬಾದ್, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಅದನ್ನು ಕೂಡಿಸಿದಾಗ ಸಾಹೇಬರ ಬೆರಳಿಗೆಲ್ಲ ಗೇಟು ತೆರೆಯಿತು. ಕಸಗುಡಿಸುವ ಒಂಬತ್ತು ಹೆಂಗಸರಿಗೆ ತೆರೆಯಲಿಲ್ಲ. ಅವರಲ್ಲಿ ನನ್ನ ತಂಗಿ ಗಂಗವ್ವ ಒಬ್ಬಳು. ತಿಂಗಳೊಳಗೆ ಬೆರಳು ಹತ್ತದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಗುತ್ತಿಗೆದಾರ ಹೇಳಿದ.

ಯಂತ್ರದ ಹೊಣೆ ಎಂಜಿನಿಯರ್ ಸುಜಾತಾ ಬಾಯಾರದು; ಮೇಡಂಗೆ ನಮ್ಮ ಕಡೆ ಬಾಯಾರು ಅನ್ನುತ್ತೇವೆ. ಅವರ ತಂದೆ ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರು. ಮಗಳ ಕನ್ನಡ ಅರ್ಧ ಮರಾಠಿ; ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಆ ಹೆಂಗಸರ ಹಾಗೆ ಕೆಲಸಕ್ಕೆ ಸವೆದ ಕೈ ಎಂದು ಅವರು ನನ್ನ ಹೆಬ್ಬೆಟ್ಟು ಇಡಿಸಿ ನೋಡಿದರು. ಪರದೆಯ ಮೇಲೆ ಒರೆಸಿದ ನೆಲದಂತೆ ಬೋಳು.

"ಮಾವಶಿ, ನಿಮ್ಮ ಬೆರಳಾಗ ಕಾಹೀಚ್ ಇಲ್ಲರೀ, ಏನೂ ಇಲ್ಲ."

"ಸಿಮೆಂಟ್ ತಿಂದೈತ್ರಿ. ನಿಮ್ಮ ಯಂತ್ರಕ್ಕ ಕಣ್ಣ ಇಲ್ಲ ಅಂತ ಯಾಕ ಅನ್ನಬಾರದು?"

ಅವರು ನಗಲಿಲ್ಲ. ಮರುದಿನದಿಂದ ಕಣ್ಣನ್ನೇ ಹುಡುಕತೊಡಗಿದರು.

ಅವರು ತಿಳಿಸಿ ಹೇಳಿದ್ದು ಇಷ್ಟು. ಗಾಜು USB ತಂತಿಯಲ್ಲಿ ಚಿತ್ರ ಕಳಿಸುತ್ತದೆ. ಸೆಕೆಂಡಿಗೆ 480 ಮೆಗಾಬಿಟ್ ವೇಗ ಅದಕ್ಕುಂಟು; ಯಂತ್ರ 12ರಲ್ಲೇ ತೆಗೆದುಕೊಳ್ಳುತ್ತಿತ್ತು, ಹಾಗಾಗಿ ಬೆರಳಿನ ಚಿತ್ರ ಒಂದೆರಡೇ ಸಿಗುತ್ತಿದ್ದವು. ಯಂತ್ರದೊಳಗಿನದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್, ಅಂದರೆ ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಿ ತಿದ್ದಬಹುದು. ಆದರೆ ನಮ್ಮ ಯಂತ್ರದೊಳಗಿನ ಚಿಪ್ ಅನ್ನು 480ರ ವೇಗದಲ್ಲಿ ನಡೆಸುವ ಬರಹ, ಹೈಸ್ಪೀಡ್ ಡ್ರೈವರ್, ಅದರಲ್ಲಿ ಇನ್ನೂ ಇರಲಿಲ್ಲ. ಅದನ್ನು ಬಾಯಾರೇ ಬರೆಯಲು ಕುಳಿತರು.

ಮೂರು ವಾರ ದಿನಾ ಬೆಳಿಗ್ಗೆ ಕಸ ಹೊಡೆದು ಹೆಬ್ಬೆಟ್ಟು ಒತ್ತಿದೆ. ವೇಗ 480ಕ್ಕೆ ಏರುವುದು, ಮತ್ತೆ 12ಕ್ಕೆ ಬೀಳುವುದು. ಕೊನೆಗೆ ಬಾಯಾರು ತಾವು ಬರೆದದ್ದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರೂ ಓದುವ ಕಡೆ ಹಾಕಿದರು. ಯಾವ ದೇಶದವನೋ ಒಬ್ಬ ಕುಳಿತು ಓದಿ, ಎರಡು ಸಾಲು ತಪ್ಪಿವೆ ಎಂದು ಬರೆದ. ಗಂಗವ್ವ ಯಾರೆಂದು ಅವನಿಗೇನು ಗೊತ್ತು? ಆದರೂ ಓದಿದ್ದ.

ತಿದ್ದಿದ ಮೇಲೆ ಒತ್ತಿದೆ. ಪರದೆಯ ತುಂಬ ಹೆಬ್ಬೆಟ್ಟು. ಮೊದಲು ಸೆಕೆಂಡಿಗೆ ಎರಡು ಚಿತ್ರ ಬರುತ್ತಿದ್ದವು, ಈಗ ಮೂವತ್ತು! ಬಾಯಾರು ಒಂದೊಂದಾಗಿ ಸರಿಸಿದರು. ಕೊನೆಯವೆಲ್ಲ ಬೋಳು. ಮೂರನೆಯದು ಬೆರಳು ಗಾಜನ್ನು ಆಗಷ್ಟೇ ಮುಟ್ಟಿದಾಗಿನದು. ಅದರಲ್ಲಿ ಗೆರೆಗಳಿದ್ದವು. ತೆಳ್ಳಗೆ, ಸುತ್ತಿ ಸುತ್ತಿ.

"ಮಾವಶಿ, ಎಷ್ಟ ಜೋರ ಒತ್ತತೀರಿ!"

"ಮಸ್ಟರ್ ಮ್ಯಾಲೆ ಹಂಗ ಒತ್ತಬೇಕ್ರಿ. ಮೆಲ್ಲಕ ಒತ್ತಿದ್ರ ಮುಕಾದಮ್ ಬೈತಾನ."

ಮುಕಾದಮ್ ಅಂದರೆ ಕೂಲಿಯವರ ಮೇಸ್ತ್ರಿ; ಅವನ ಹಾಜರಿ ಪುಸ್ತಕಕ್ಕೆ ಶಾಯಿಯ ಹೆಬ್ಬೆಟ್ಟು ಒತ್ತಿ ಒತ್ತಿ ಬಂದ ರೂಢಿ. ಉಳಿದಿದ್ದ ಗೆರೆಯನ್ನು ನಾವೇ ಚಪ್ಪಟೆ ಮಾಡುತ್ತಿದ್ದೆವು. ಹಳೆಯ ಯಂತ್ರ ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಮೆಲ್ಲಗೆ ಇಡಲು ಹೋದೆ, ಕೈ ಕೇಳಲಿಲ್ಲ. ಹಾಗಾಗಿ ಮೂವತ್ತರಲ್ಲಿ ಗೆರೆ ಕಾಣುವುದನ್ನೇ ಯಂತ್ರ ಆರಿಸಿಕೊಳ್ಳುವಂತೆ ಬಾಯಾರು ಮಾಡಿದರು. ಕಸಬರಿಗೆ ಹಿಡಿದುಕೊಂಡೇ ಆ ಗೆರೆಗಳ ಮುಂದೆ ಬಹಳ ಹೊತ್ತು ನಿಂತೆ. ಹುಟ್ಟಿದಾಗಿನಿಂದ ನನ್ನ ಕೈಯಲ್ಲೇ ಇದ್ದವು.

ತಿಂಗಳು ತುಂಬಲು ಎರಡು ದಿನವಿತ್ತು. ಬಾಯಾರೂ ನಾನೂ ಬಸ್ಸು ಹತ್ತಿ ಕಾರ್ಖಾನೆಗೆ ಹೋಗಿ, ತಿದ್ದಿದ ಬರಹವನ್ನು ಗೇಟಿನ ಯಂತ್ರಕ್ಕೆ ಹಾಕಿ, ಒಂಬತ್ತು ಮಂದಿಯ ಬೆರಳನ್ನೂ ಅದರಲ್ಲಿ ಹೊಸದಾಗಿ ಬರೆಸಿದೆವು. ಗಂಗವ್ವ ಗೇಟಿನಲ್ಲಿ ಎಂದಿನಂತೆ ಗಾಜು ಒಡೆಯುವ ಹಾಗೆ ಒತ್ತಿದಳು. ಗೇಟು ತೆರೆಯಿತು.

"ಅಕ್ಕಾ, ಇಷ್ಟ ದಿನ ಇದಕ್ಕ ನಿದ್ದಿ ಹತ್ತಿತ್ತೇನ?" ಎಂದು ಒಳಗೆ ನಡೆದಳು. ಉಳಿದ ಎಂಟು ಮಂದಿಯೂ ಹೋದರು.

ಆ ಕೆಲಸ ನನಗೆ ಕಲಿಸಿದ್ದು ಒಂದೇ. ಯಾರಾದರೂ "ನಿನ್ನಲ್ಲಿ ಏನೂ ಇಲ್ಲ" ಎಂದರೆ, "ಎಷ್ಟು ಸಲ ನೋಡಿದಿರಿ?" ಎಂದು ಕೇಳುತ್ತೇನೆ.